ಖಾನೇಸುಮಾರಿಯ ಮಧ್ಯಾಹ್ನ

ಹಸಿ ಕೆಮ್ಮಣ್ಣಿನ ವಾಸನೆ ಬಂದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ.

ಆಗ ನಿಜಾಮರ ಕಾಲ. ಊರಿನ ತಲೆ ಎಣಿಸುವ ಖಾನೇಸುಮಾರಿ ನಡೆದಿತ್ತು. ಮಾಸ್ತರರು ಘಾಟಬೋರಾಳದ ನಮ್ಮ ಮನೆಯ ಗೋಡೆಗೆ ಕೆಮ್ಮಣ್ಣಿನಲ್ಲಿ ನಂಬರು ಬರೆದು, "ಮಕ್ಕಳೆಷ್ಟವ್ವಾ?" ಎಂದು ಕೇಳಿದರು.

"ಹುಟ್ಟಿದ್ವು ಒಂದೂ ಉಳೀಲಿಲ್ರಿ" ಎಂದಳು ಅವ್ವ.

"ಮತ್ತ ಈಕಿ?"

"ಈಕಿ ನಮ್ಮಾಕಿ ಅಲ್ರಿ. ಹುಟ್ಟಿದ ದಿನಾನ ಮಗ್ಗಲಮನಿ ಆಯಿಗೆ ಒಂದ್ ಮೊರ ತೌಡಿಗೆ ಮಾರೇವ್ರಿ."

ಅದನ್ನು ಯಮನೂ ಕೇಳಿ, ನಂಬಿ, ನನ್ನನ್ನು ಬಿಟ್ಟುಹೋಗಲೆಂಬಂತೆ ಗಟ್ಟಿಯಾಗಿ ಹೇಳಿದಳು. ನಾನು ತಿನ್ನುತ್ತಿದ್ದ ರೊಟ್ಟಿ ಕೆಳಗಿಟ್ಟೆ. ಮಾಸ್ತರರು ತಲೆಯಾಡಿಸಿ ಮಗ್ಗಲಮನೆಗೆ ನಡೆದರು. ನನ್ನನ್ನು ಕೊಂಡವಳ ಮನೆ ಅದು. ನಾನೂ ಅವರ ಹಿಂದೆ ಹೊರಟೆ.

ಸೆರಗಿನ ಮರೆಯಲ್ಲಿ ಅವ್ವ ನನ್ನ ಮಣಿಕಟ್ಟು ಹಿಡಿದಿದ್ದಳು. ಜಗ್ಗಿದೆ. ಬಳೆ ಒಡೆಯಿತು. ಅವಳು ಬಿಡಲಿಲ್ಲ.