ಮೂರು ವರ್ಷ ಬಳಸಿದವನ ಮಾತು

“ವಿಡಿಯೋದಾಗ ಹೇಳೋರೆಲ್ಲ ಒಂದ್ ವಾರ ಬಳಸಿ ಹೇಳ್ತಾರ್ರಿ ಮಾಮಾ. ಮೂರು ವರ್ಷ ಬಳಸಿದವರು ಅಂದ್ರ ನೀವೊಬ್ರೇ. ತಗೋಬೇಕೋ ಬ್ಯಾಡೋ, ಒಂದು ಮಾತು ಹೇಳಿಬಿಡ್ರಿ,” ಎಂದ ಅನೀಲಕುಮಾರ. ಬಸವಕಲ್ಯಾಣದಿಂದ ಹುಡಗಿ ಊರಿನ ಈ ಬೀಳು ಹೊಲದವರೆಗೆ ಅವನು ಬೈಕು ಓಡಿಸಿಕೊಂಡು ಬಂದದ್ದೇ ಅದಕ್ಕಾಗಿ. ಹುಮನಾಬಾದಿನ ಅಂಗಡಿಯಲ್ಲಿ ಮಾವನ ಕೈಯಲ್ಲಿರುವಂಥದೇ ಅಗ್ಗದ ಮೊಬೈಲನ್ನು, ಎರಡನೆಯದೊಂದಿರಲಿ ಎಂದು, ಸಂಜೆಯತನಕ ತೆಗೆದಿಡಲು ಹೇಳಿದ್ದ. ಬಂದವನೇ ಸೋದರಮಾವನ ಮೊಬೈಲು ಕಸಿದುಕೊಂಡು ಅರ್ಧ ತಾಸು ಅದರ ಟಾರ್ಚು, ಆಟ, ಹಾಡು ಎಲ್ಲವನ್ನೂ ಪರೀಕ್ಷಿಸಿಯೂ ಆಗಿತ್ತು.

ಅಮೋಘಸಿದ್ದಪ್ಪ ಮೊಬೈಲು ವಾಪಸು ಇಸಿದುಕೊಂಡು ಅದರ ಸುತ್ತ ರಬ್ಬರು ಬ್ಯಾಂಡು ಬಿಗಿದ. ಬ್ಯಾಟರಿ ಉಬ್ಬಿ, ಹಿಂದಿನ ಮುಚ್ಚಳ ಪೂರಿಯಂತೆ ಎದ್ದಿತ್ತು.

“ಕ್ಯಾಮೆರಾ ಹ್ಯಾಂಗ ಅದರಿ?”

“ಫೋಟೋದಾಗ ನನಗೂ ಕುರಿಗೂ ಫರಕ್ ತಿಳಿಯಂಗಿಲ್ಲ.”

“ಮಾತರೆ ನೀಟ್ ಕೇಳ್ತದೇನು?”

“ಅವರ ಮಾತು ನಮಗ ಕೇಳ್ತದ, ನಮ್ಮ ಮಾತು ಅವರಿಗೆ ಕೇಳಂಗಿಲ್ಲ. ನಿಮ್ಮತ್ತಿ ಎದುರಿಗಿದ್ದಾಗೂ ಹಂಗೇ. ಅದಕ್ಕ ಮೊಬೈಲಿಂದೇನು ತಪ್ಪು?”

“ಅಂದ್ರ ಖರಾಬ್ ಅದ ಅನ್ರಿ.”

“ಯಾವಂವ ಅಂದಂವ? ಇಂಥಾ ಮೊಬೈಲ್ ಹತ್ತೂರಾಗಿಲ್ಲ. ನಿಂದ್ರು, ತೋರಸ್ತೀನಿ.”

ಮೂರು ವರ್ಷದ ಹಿಂದೆ ಅಮೋಘಸಿದ್ದಪ್ಪನ ಗಂಟಲು ಕಟ್ಟಿ ಕುರಿಗಳನ್ನು ಕೂಗಿ ಕರೆಯುವುದು ಕಷ್ಟವಾದಾಗ, ಮಗಳು ಸರಿತಾ ಅವನ ಒಂದು ಕೂಗನ್ನು ಈ ಮೊಬೈಲಿನಲ್ಲಿ ಹಿಡಿದಿಟ್ಟಿದ್ದಳು. ಅದರ ಬಾಲಕ್ಕೆ, ಒಳಗಿನಿಂದ ಹೆಂಡತಿ ಗಂಗುಬಾಯಿ ಅಂದ “ಚಾ ಆರಾಕತ್ತದ, ಬರ್ತೀರೋ ಇಲ್ಲೋ” ಎಂಬ ಮಾತೂ ಅಂಟಿಕೊಂಡಿತ್ತು. ಅದನ್ನು ಕತ್ತರಿಸುವ ಉಸಾಬರಿಗೆ ಯಾರೂ ಹೋಗಲಿಲ್ಲ. ಮೊದಲ ಮಳೆಗೇ ಸ್ಪೀಕರಿಗೆ ನೀರು ಹೊಕ್ಕು, ಗಂಡಹೆಂಡಿರ ದನಿಗಳೆರಡೂ ತಗಡು ಹರಿದಂತಾದವು. ಆಮೇಲೆ ಅಮೋಘಸಿದ್ದಪ್ಪನ ಅಸಲಿ ಗಂಟಲು ಕೇಳಿ ಬೆಳೆದಿದ್ದ ಕುರಿಗಳೆಲ್ಲ ಒಂದೊಂದಾಗಿ ಹುಮನಾಬಾದ ಸಂತೆಯ ದಾರಿ ಹಿಡಿದವು. ಈಗ ಹಿಂಡಿನಲ್ಲಿದ್ದವೆಲ್ಲ ಮೊಬೈಲಿನ ಕಾಲದಲ್ಲಿ ಹುಟ್ಟಿದವು.

ಅಮೋಘಸಿದ್ದಪ್ಪ ಮೊಬೈಲನ್ನು ತಲೆಯ ಮೇಲೆತ್ತಿ ಒತ್ತಿದ. “ಹುರ್ರ್ಯೋ... ಬಾ ಬಾ ಬಾ...” ತಗಡು ಹರಿಯಿತು. ದೂರದಲ್ಲಿ ಹಿಂಡು ಒಟ್ಟಿಗೆ ತಲೆ ಎತ್ತಿತು. ಅನೀಲಕುಮಾರ ಬಾಯಿ ತೆರೆದ. ಗಂಗುಬಾಯಿಯ ಸರದಿ ಬರುವ ಮುನ್ನವೇ ಮೊಬೈಲು ಚಾರ್ಜು ತೀರಿ ಕಣ್ಣು ಮುಚ್ಚಿತು.

ಉಳಿದ ಮಾತಿಗಾಗಿ ಕುರಿಗಳು ಸ್ವಲ್ಪ ಹೊತ್ತು ಕಾದವು. ಬರಲಿಲ್ಲ. ಎಲ್ಲಕ್ಕಿಂತ ಮುಂದಿದ್ದ ಕುರಿ ಹಸಿರು ಕಂಡ ಕಡೆ ತಿರುಗಿತು, ಹಿಂಡು ಅದರ ಹಿಂದೆ. ಹಸಿರು ಎಂದರೆ ಮಹಾರುದ್ರಪ್ಪನ ಕೂಳೆ ಕಬ್ಬು, ಕಡಿದ ಬುಡದಿಂದ ಈಗಷ್ಟೇ ಚಿಗುರಿದ್ದು. ಹೋದ ಸಲ ಎರಡು ಕುರಿ ಬಾಯಿ ಹಾಕಿದ್ದಕ್ಕೇ ಮಹಾರುದ್ರಪ್ಪ ಇಡೀ ಹಿಂಡನ್ನು ತನ್ನ ಕೊಟ್ಟಿಗೆಯಲ್ಲಿ ಕೂಡಿಹಾಕಿ ಬೀಗ ಜಡಿದಿದ್ದ. ಇನ್ನೊಮ್ಮೆ ಬಂದರೆ ಬಿಡುವ ಮಾತೇ ಇಲ್ಲ ಎಂದು ಗುಡಿಯ ಕಟ್ಟೆಯ ಮೇಲೆ ನಿಂತು ಆಣೆ ಮಾಡಿದ್ದ.

ಅನೀಲಕುಮಾರ ಕೈ ಬೀಸುತ್ತ ಓಡಿದ. ಗುರುತಿಲ್ಲದ ಮನುಷ್ಯನನ್ನು ಕಂಡು ಕುರಿಗಳು ಇನ್ನಷ್ಟು ಜೋರಾಗಿ ಕಬ್ಬಿನ ಕಡೆಗೇ ಓಡಿದವು.

“ಏ, ನಿಂದ್ರೋ ಮಾರಾಯಾ. ನೀ ಬೆನ್ನತ್ತಿದಷ್ಟೂ ಅವು ಅಲ್ಲೇ ಹೊಂಟಾವ.”

ಅಮೋಘಸಿದ್ದಪ್ಪ ಸ್ವಂತ ಗಂಟಲಿನಿಂದ ಕೂಗಿದ. ಮೂರು ವರ್ಷ ವಿಶ್ರಾಂತಿ ಪಡೆದ ಗಂಟಲು. ದನಿ ಗಂಟೆ ಬಾರಿಸಿದಂತೆ ಬಂತು. ಒಂದೇ ಒಂದು ಕುರಿ ತಿರುಗಿತು. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಯಾರನ್ನೋ ಕರೆದರೆ ನೋಡುವಂತೆ ನೋಡಿ, ಮುಂದೆ ನಡೆಯಿತು.

“ನನ್ನ ಮೊಬೈಲಿನಾಗ ತುಂಬ್ರಿ ಮಾಮಾ, ಇದು ಭಾರಿದು ಅದ,” ಎಂದು ಅನೀಲಕುಮಾರ ಓಡಿ ಬಂದು ತನ್ನದನ್ನು ಹಿಡಿದ. ಅದರಲ್ಲಿ ತುಂಬಿದ ಕೂಗು ಸ್ಫಟಿಕದಂತೆ ಸ್ವಚ್ಛವಾಗಿ ಬಂತು. ಈ ಸಲ ಒಂದೂ ತಿರುಗಲಿಲ್ಲ.

ಕಬ್ಬಿಗೆ ಇನ್ನು ಬದುವೊಂದೇ ಅಡ್ಡ. ಅಮೋಘಸಿದ್ದಪ್ಪ ಚೀಲದಿಂದ ಬುತ್ತಿಯ ಡಬ್ಬಿ ತೆಗೆದು, ಅದರಲ್ಲಿ ಬಾಯಿ ಹುಗಿದು, ಮೂಗು ಬಿಗಿಹಿಡಿದು, ಗಂಟಲು ಒಡೆದುಕೊಂಡು ಕೂಗಿದ. ತಗಡು ಹರಿಯಿತು. ಹಿಂಡು ನಿಂತಿತು, ತಲೆ ಎತ್ತಿತು, ಕಿವಿ ಅರಳಿಸಿತು. ಆದರೆ ಜಾಗ ಬಿಟ್ಟು ಕದಲಲಿಲ್ಲ.

ಅವು ಯಾವುದಕ್ಕೆ ಕಾಯುತ್ತಿವೆ ಎಂದು ಅವನಿಗೆ ಗೊತ್ತಾಯಿತು. ತಂಗಿಯ ಮಗನ ಮುಖ ನೋಡಿದ.

“ನೀ ಆ ಕಡಿ ತಿರುಗು.”

“ಯಾಕ್ರಿ?”

“ತಿರುಗಂದ್ರ ತಿರುಗು.”

ಅನೀಲಕುಮಾರ ತಿರುಗಿ ನಿಂತ. ಬೆನ್ನ ಹಿಂದಿನಿಂದ, ಡಬ್ಬಿಯೊಳಗಿಂದ, ಸಣ್ಣ ಹೆಣ್ಣುದನಿಯೊಂದು ಹರಿದುಕೊಂಡು ಬಂತು: “ಚಾ ಆರಾಕತ್ತದ, ಬರ್ತೀರೋ ಇಲ್ಲೋ?”

ಇಡೀ ಹಿಂಡು ಧೂಳೆಬ್ಬಿಸಿಕೊಂಡು ಬಂತು.

ಊರ ದಾರಿಯುದ್ದಕ್ಕೂ ಅಮೋಘಸಿದ್ದಪ್ಪ ಮುಂದೆ, ಡಬ್ಬಿ ಬಾಯಿಗೆ, ಹಿಂಡು ಹಿಂದೆ, ಬೈಕು ತಳ್ಳುತ್ತ ಅನೀಲಕುಮಾರ ಪಕ್ಕದಲ್ಲಿ. ಅಂಗಡಿ ಮುಚ್ಚುವ ಹೊತ್ತಾಗಿತ್ತು.

“ಮಾಮಾ, ಕಡೀಗೂ ಹೇಳ್ಲಿಲ್ಲಲ್ರಿ. ತಗೋಬೇಕೋ, ಬ್ಯಾಡೋ?”

ಉತ್ತರ ಕೊಡಲು ಅಮೋಘಸಿದ್ದಪ್ಪ ಡಬ್ಬಿ ಕೆಳಗಿಳಿಸಿದ. ಕುರಿಗಳು ನಿಂತು, ಕಬ್ಬಿನ ಕಡೆ ಕತ್ತು ಹೊರಳಿಸಿದವು. ಅವನು ಗಡಬಡಿಸಿ ಡಬ್ಬಿಯನ್ನು ಮತ್ತೆ ಬಾಯಿಗೇರಿಸಿದ.

“ಭಾಳ ಛಲೋ ಮೊಬೈಲ್ ಅದ, ತಗೋ,” ಎಂದಿತು ಗಂಗುಬಾಯಿಯ ಹರಿದ ದನಿ, “ಚಾ ಆರಾಕತ್ತದ.”

ಹಿಂಡು ಮುಂದೆ ನಡೆಯಿತು.