ಮೂರನೆಯ ದಿನದ ಫೋನು

ಊಟ ಬಲ್ಲವನಿಗೆ ರೋಗವಿಲ್ಲ, ಕಂಡವರ ದನಿ ಬಲ್ಲವನಿಗೆ ನಿದ್ದೆಯಿಲ್ಲ. ಗಾದೆ ಕೆಟ್ಟಿದೆ, ಗೊತ್ತು; ಕಥೆ ಮಾತ್ರ ಅಪ್ಪಟ ನಿಜ.

ಹಾಝಿಮ್ ಕಾಫಿಯ ಬಟ್ಟಲನ್ನು ತುಟಿಗೆ ತಾಗಿಸದೆ ಕಂಬಳಿಯ ಮೇಲಿಟ್ಟ. ನಮ್ಮ ಕಡೆ ಹಾಗಿಟ್ಟರೆ ಒಂದೇ ಅರ್ಥ: ಬಂದವನಿಗೆ ಏನೋ ಬೇಕು. ಕೊಡುತ್ತೇನೆಂದು ಮನೆಯವರು ಹೇಳುವವರೆಗೆ ಅವನು ಕುಡಿಯುವುದಿಲ್ಲ.

“ಹೆಣ್ಣು ಕೇಳೋಕೆ ಬಂದ್ಯಾ?” ಎಂದರು ಮುದುಕ ಅಬೂ ನಾಯೆಫ್. “ನನ್ನ ಹತ್ರ ಇರೋದು ಎರಡು ಮೇಕೆ.”

ಹಾಝಿಮ್ ನಗಲಿಲ್ಲ. ಹೊರಗೆ ರಸ್ತೆಯುದ್ದಕ್ಕೂ ಎರಡು ದೇಶಗಳ ಬಾವುಟ. ಹೋದ ವರ್ಷ ನೆರೆದೇಶದ ಯುದ್ಧಕ್ಕೆ ಇಲ್ಲಿಂದ ಹೋದ ದಳದಲ್ಲಿ ಮುದುಕರ ಒಬ್ಬನೇ ಮಗ ನಾಯೆಫ್ ಇದ್ದ, ಪೆಟ್ಟಿಗೆಯಲ್ಲಿ ಮರಳಿದ. ಆ ದೇಶದ ಅಧ್ಯಕ್ಷರು ಈಗ ಕೃತಜ್ಞತೆ ಹೇಳಲು ನಮ್ಮ ರಾಜಧಾನಿಗೆ ಹೊರಟಿದ್ದರು. ದಾರಿ ಈ ಊರಿನ ಮೇಲೆ. ಕಾರು ನಿಲ್ಲುವುದಿಲ್ಲವೆಂದು ಪತ್ರಿಕೆ ಬರೆದಿತ್ತು.

ಮುದುಕರು ಮಾತ್ರ ಕುರಿ ಕೊಯ್ದಿದ್ದರು. “ಬಂದು ನಿನ್ನ ಕಾಫಿ ಕುಡೀತೀನಿ ಅಂತ ಅವರೇ ಫೋನಲ್ಲಿ ಹೇಳಿದಾರೆ,” ಎಂದು ವರ್ಷದಿಂದ ಊರಿಗೆಲ್ಲ ಸಾರಿದ್ದರು. ಊರು ಬೆನ್ನ ಹಿಂದೆ ನಗುತ್ತಿತ್ತು. ಇವತ್ತು ಕಾರು ಹಾದುಹೋದರೆ ಮುಖದೆದುರೇ ನಗುತ್ತದೆ. ಬೆಳಿಗ್ಗೆ ಇಬ್ಬರು ಸೂಟಿನವರು ಬಂದು ಅಂಗಳ ನೋಡಿ ಹೋಗಿದ್ದರು. ರಸ್ತೆಬದಿಯ ಮನೆಗಳನ್ನೆಲ್ಲ ನೋಡುತ್ತಾರೆ ಎಂದುಕೊಂಡಿದ್ದ ಹಾಝಿಮ್.

ಯಾರ ದನಿಯನ್ನಾದರೂ ಅಣಕಿಸುವ ಅವನ ಗಂಟಲೇ ಅಪರಾಧಿ. ಅಧ್ಯಕ್ಷರ ಕೆಮ್ಮು, ಎಳೆದೆಳೆದು ಆಡುವ ಮಾತು ಎಲ್ಲ ಅದಕ್ಕೆ ಬರುತ್ತಿತ್ತು. ಸೂತಕದ ಮೂರನೆಯ ದಿನ, ಗೆಳೆಯರು ಪಂಥ ಕಟ್ಟಿದರೆಂದು ಫೋನೆತ್ತಿ, “ಸೋದರ ಅಬೂ ನಾಯೆಫ್…” ಎಂದಿದ್ದ. ಸಾವಿನ ಮನೆಗೆ ಬರಲಾಗದವರೆಲ್ಲ ಆಡುವ ವಾಡಿಕೆಯ ಮಾತನ್ನೂ ಆಡಿದ್ದ: ಬಂದು ನಿಮ್ಮ ಕಾಫಿ ಕುಡಿಯುತ್ತೇನೆ. ಆ ಕಡೆಯಿಂದ ನಿಟ್ಟುಸಿರು ಕೇಳಿತು. ನಿಜ ಹೇಳಲು ಬಾಯಿ ಬರಲಿಲ್ಲ.

ಅಂದಿನಿಂದ ದಿನವೂ ಬಂದ. ಸೌದೆ ಒಡೆದ, ಮೇಕೆ ಹಾಲು ಕರೆದ, ರೇಡಿಯೋದವನ ದನಿಯಲ್ಲಿ ಪತ್ರಿಕೆ ಓದಿದ. ಪಾಪ ತೊಳೆದುಹೋಗಲಿಲ್ಲ.

“ಕುಡಿ. ಕೇಳಿದ್ದು ಕೊಟ್ಟೆ,” ಎಂದರು ಮುದುಕರು.

“ಕ್ಷಮೆ ಬೇಕು, ದೊಡ್ಡಪ್ಪ. ಆ ಫೋನು ಮಾಡಿದ್ದು ನಾನು.”

“ಆರೋಗುತ್ತೆ, ಕುಡಿ.”

“ಯಾರೂ ಬರಲ್ಲ. ಬಾಗಿಲು ಹಾಕ್ಬಿಡೋಣ.”

ಸೈರನ್ ಹತ್ತಿರವಾಯಿತು. ಹಾದುಹೋಗಬೇಕಿದ್ದ ಕಾರು ನಿಂತಿತು. ಹೊಸ್ತಿಲಲ್ಲಿ ಕೆಮ್ಮು ಕೇಳಿಸಿತು. ಹಾಝಿಮ್ ಕೆಮ್ಮಿರಲಿಲ್ಲ.

ಅಧ್ಯಕ್ಷರು ಮುದುಕರ ಭುಜಕ್ಕೆ ಮುತ್ತಿಟ್ಟು ಕಂಬಳಿಯ ಮೇಲೆ ಕೂತರು. “ತಡವಾಯ್ತು, ಸೋದರ. ಮಣ್ಣು ಮಾಡಿದ ದಿನವೇ ಫೋನಲ್ಲಿ ಮಾತು ಕೊಟ್ಟಿದ್ದೆ.”

ಹಾಝಿಮ್ ಬೆರಳು ಮಡಚಿ ಎಣಿಸಿದ. ಮಣ್ಣಾದದ್ದು ಮೊದಲ ದಿನ, ತಾನು ಫೋನು ಮಾಡಿದ್ದು ಮೂರನೆಯ ದಿನ.

“ಹಾಗಾದ್ರೆ ನಂದು…”

“ಎರಡನೇದು,” ಎಂದರು ಮುದುಕರು. “ಬಾಯಿ ಬಿಡ್ತಿದ್ದಂಗೇ ಗೊತ್ತಾಯ್ತು, ನೀನೇ ಅಂತ.”

“ಒಂದು ವರ್ಷ ನನ್ನ ಬೇಯಿಸಿದ್ರಲ್ಲ, ದೊಡ್ಡಪ್ಪ. ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಮಾರನೇ ದಿನ ನೀನು ಬರ್ತಿದ್ಯಾ?”

ಮುದುಕರು ನಕ್ಕರು. ಏನೂ ಅರ್ಥವಾಗದ ಅಧ್ಯಕ್ಷರು ಮರ್ಯಾದೆಗೆ ನಕ್ಕರು. ವರ್ಷವಿಡೀ ಏಮಾರಿದ್ದವನು ಇಬ್ಬರಿಗಿಂತಲೂ ಜೋರಾಗಿ ನಕ್ಕ.