ವೈರು ಕಾಣದ ಹಾಗೆ

"ಕಾಲಿಗೆ ಕರೆಂಟು ಕೊಡ್ತಾರೆ, ಸರಿ. ಹೆಚ್ಚುಕಮ್ಮಿ ಆದ್ರೆ ಏನು ಗತಿ?"

ಅಣ್ಣ ಕಿಟಕಿಯ ಕಡೆ ಮುಖ ಮಾಡಿ ಕೇಳಿದ. ಫಿಸಿಯೋ ಮೇಡಂ ಗಾಲಿಕುರ್ಚಿಯಲ್ಲಿದ್ದ ತಮ್ಮನ ತೊಡೆಗಳಿಗೆ ಅಂಟುವ ಪಟ್ಟಿಗಳನ್ನು ಒತ್ತಿ, ಒಂದೊಂದಕ್ಕೂ ವೈರು ಸಿಕ್ಕಿಸುತ್ತಿದ್ದರು. ಪಾದಗಳನ್ನು ಎದುರಿಗಿದ್ದ ಸೈಕಲ್ ಯಂತ್ರದ ಪೆಡಲಿನ ಬೂಟುಗಳಲ್ಲಿಟ್ಟು ಬೆಲ್ಟು ಬಿಗಿದು ಗುಂಡಿ ಒತ್ತಿದರು. ಪೆಡಲು ತಿರುಗಿತು. ಹಗ್ಗ ಹಿಡಿದು ಎಳೆದ ಕರುವಿನಂತೆ ಕಾಲುಗಳು ಅದರ ಹಿಂದೆ ಹೋದವು.

"ಇದು ಮೋಟಾರು. ಕಾಲು ಸಡಿಲ ಆಗ್ಲಿ ಅಂತ," ಎಂದರು ಮೇಡಂ. ಸ್ವಲ್ಪ ಹೊತ್ತಿಗೆ ಇನ್ನೊಂದು ಗುಂಡಿ ಒತ್ತಿದರು. ತಮ್ಮನ ತೊಡೆಯ ಮಾಂಸ ಚರ್ಮದಡಿಯಲ್ಲಿ ಕಲ್ಲಿನಂತೆ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಮೋಟಾರಿನ ಸದ್ದು ಅಡಗಿತು. ಪೆಡಲು ಮಾತ್ರ ತಿರುಗುತ್ತಲೇ ಇತ್ತು. "ಈಗ ಕರೆಂಟು ಹೇಳಿದ ಹಾಗೆ ಇವರ ಮಾಂಸಖಂಡಾನೇ ತುಳೀತಿದೆ."

"ನೋವಾಗಲ್ವೇನೋ?"

"ಗೊತ್ತಾದ್ರೆ ತಾನೇ? ಸೊಂಟದಿಂದ ಕೆಳಗೆ ಬೇರೆಯವರ ಮನೆ ಇದ್ದ ಹಾಗೆ. ಬಾಡಿಗೆ ಮಾತ್ರ ನಾನು ಕಟ್ತೀನಿ." ತಮ್ಮನಿಗೆ ಏದುಸಿರು ಬಂದಿತ್ತು. ಹಣೆಯಲ್ಲಿ ಬೆವರಿತ್ತು.

"ಹೀಗೇ ಮಾಡ್ತಾ ಹೋದ್ರೆ ನಡೀತಾನಾ, ಮೇಡಂ?"

"ನಡೆಯೋಕಲ್ಲ ಇದು. ಉಸಿರು ಗಟ್ಟಿ ಆಗುತ್ತೆ, ಕಾಲು ಸೊರಗೋದು ಕಡಿಮೆ ಆಗುತ್ತೆ. ನೀವು ಬೆಳಗ್ಗೆ ವಾಕಿಂಗ್ ಹೋಗಲ್ವಾ, ಅದೇ ಥರ."

"ನಾನೆಲ್ಲಿ ಹೋಗ್ತೀನಿ," ಎಂದ ಅಣ್ಣ.

ಅಣ್ಣನದು ಸಾಮಾನು ಸಾಗಿಸುವ ವ್ಯಾನು. ತಮ್ಮ ಬಡಗಿ. ಎರಡು ವರ್ಷದ ಹಿಂದೆ, ತಮ್ಮ ತಾನೇ ಮಾಡಿದ ಬೀರುವನ್ನು ಹಿಡಿದುಕೊಂಡು ವ್ಯಾನಿನ ಹಿಂಭಾಗದಲ್ಲಿ ಕೂತಿದ್ದ. ಅಣ್ಣ ವೇಗ ಇಳಿಸದೆ ತಿರುಗಿಸಿದ. ಬೀರುವೂ ತಮ್ಮನೂ ರಸ್ತೆಗೆ ಬಿದ್ದರು. ಬೀರುವಿನ ಒಂದು ಬಾಗಿಲು ಮುರಿಯಿತು. ಅಂದಿನಿಂದ ಅಮ್ಮ ಅಣ್ಣನೊಡನೆ ಮಾತು ಬಿಟ್ಟಿದ್ದಾಳೆ. ಇರುವುದು ಒಂದೇ ಮನೆ. ಅವನು ಎದುರಿಗೇ ಊಟಕ್ಕೆ ಕೂತಿದ್ದರೂ "ಇನ್ನೂ ಬೇಕಾ ಕೇಳು ಅವನನ್ನ" ಎಂದು ಸೊಸೆಗೆ ಹೇಳುತ್ತಾಳೆ. ಸಂಜೆ ಪದ್ಯ ಹೇಳಿಕೊಳ್ಳುತ್ತಿರುವಾಗ ಅವನು ಬಾಗಿಲಿಗೆ ಬಂದರೆ ಸಾಲನ್ನು ಅರ್ಧಕ್ಕೇ ನಿಲ್ಲಿಸುತ್ತಾಳೆ. ಅವನು ಒಳಗೆ ಹೋದ ಮೇಲೆ ಬಿಟ್ಟಲ್ಲಿಂದ ಹಿಡಿಯುತ್ತಾಳೆ. ಈ ಕೋಣೆಗೆ ಒಮ್ಮೆ ಬಂದಿದ್ದಳು. "ನನ್ನ ಮಗನ್ನ ಯಂತ್ರಕ್ಕೆ ಕಟ್ಟಿಹಾಕಿದ್ದಾರೆ" ಎಂದವಳು ಹಾಗೇ ಹಿಂದಿರುಗಿದಳು. ಮತ್ತೆ ಬರಲಿಲ್ಲ.

ಅಣ್ಣ ಕಾಲುಗಳನ್ನೇ ನೋಡುತ್ತಿದ್ದ. "ಮೇಡಂ, ಈ ವೈರೆಲ್ಲ ಕಿತ್ತುಬಿಟ್ರೆ ಕಾಲು ನಿಂತುಹೋಗುತ್ತಾ?"

"ನಿಲ್ಲಲ್ಲ. ಮೋಟಾರು ತಿರುಗಿಸುತ್ತೆ. ನೋಡೋಕೆ ಹೀಗೇ ಇರುತ್ತೆ."

ಅಣ್ಣ ಜೇಬಿನಿಂದ ಫೋನು ತೆಗೆದ. "ಹಾಗಾದ್ರೆ ಒಂದೇ ನಿಮಿಷ ವೈರು ತೆಗೀರಿ. ಒಂದು ವಿಡಿಯೋ ಮಾಡ್ಕೋತೀನಿ. ಸುಮ್ನೆ ಸೈಕಲ್ ತುಳೀತಿದ್ದಾನೆ ಅನ್ನೋ ಹಾಗೆ. ನಮ್ಮಮ್ಮಂಗೆ ತೋರಿಸ್ಬೇಕು."

"ಕಾಲು ಅವರದು. ಅವರನ್ನ ಕೇಳಿ."

"ಬೇಕಾದ್ರೆ ವೈರು ಕಾಣೋ ಹಾಗೆ ತೆಗಿ," ಎಂದ ತಮ್ಮ.

"ವೈರು ಕಂಡ್ರೆ ಮುಖ ತಿರುಗಿಸ್ತಾಳೆ. ನೀನೇ ನೋಡಿದ್ಯಲ್ಲ."

"ವೈರು ಇದ್ರೆ ತುಳಿಯೋದು ನನ್ನ ಕಾಲು. ತೆಗೆದ್ರೆ ಮೋಟಾರು. ಹುಳ ತಿಂದ ಮರಕ್ಕೆ ಪಾಲಿಶ್ ಹೊಡಿ ಅಂತೀಯಲ್ಲ."

"ಅವಳಿಗೆ ಮೋಟಾರು ಯಾವುದು ಕಾಲು ಯಾವುದು ಎಲ್ಲಿ ಗೊತ್ತಾಗುತ್ತೆ?"

"ಗೊತ್ತಾಗಲ್ಲ. ನಾಳೆ ಬೆಳಗ್ಗೆ ಮಂಚದ ಹತ್ರ ಬಂದು, ಏಳು ಮಗಾ ಅಂತಾಳೆ. ಆಗ?"

"ಆಗಿಂದು ಆಗ ನೋಡ್ಕೊಳ್ಳೋಣ."

ಮೇಡಂ ಯಂತ್ರದ ಪರದೆ ನೋಡಿದರು. ಕಾಲುಗಳು ದಣಿಯುತ್ತಿದ್ದವು. ಕರೆಂಟನ್ನು ಒಂದು ಮೆಟ್ಟಿಲು ಏರಿಸಿದರು. ತೊಡೆಗಳು ಒಮ್ಮೆ ನಡುಗಿ ಮತ್ತೆ ಗಟ್ಟಿಯಾದವು. ಕುರ್ಚಿಯ ಹಿಡಿಗಳನ್ನು ತಮ್ಮ ಬಿಗಿಹಿಡಿದ.

ಅಣ್ಣ ಕುರ್ಚಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ದನಿ ತಗ್ಗಿಸಿದ. "ನೀನು ತುಳೀತಿರೋದು ನೋಡಿದ್ರೆ ಅವಳ ಮನಸ್ಸು ಕರಗುತ್ತೆ ಕಣೋ. ನನ್ನ ಒಂದು ಸಲ 'ಲೋ' ಅಂತ ಕರೆದ್ರೆ ಸಾಕು. ಬೈದ್ರೂ ಸರಿ. ಎರಡು ವರ್ಷ ಆಯ್ತು, ಆ ಮನೇಲಿ ನಾನು ಗೋಡೆ ಥರ ಇದ್ದೀನಿ. ನಿಂಗೇನು ಹೋಗುತ್ತೆ, ಒಂದು ನಿಮಿಷ?"

ತಮ್ಮನಿಗೆ ಉಸಿರು ಸಾಲುತ್ತಿರಲಿಲ್ಲ. ಎರಡು ಸುತ್ತು ಕಾದು, ಕಾಲುಗಳ ಮೇಲಿಂದ ಕಣ್ಣು ತೆಗೆಯದೆ ಹೇಳಿದ:

"ವ್ಯಾನು ತಿರುಗುವಾಗ ನಾನೇ ಎದ್ದು ನಿಂತೆ, ಅಣ್ಣಂದೇನೂ ತಪ್ಪಿಲ್ಲ ಅಂತ ಅಮ್ಮಂಗೆ ಹೇಳು ಅಂದೆ ನೀನು. ನಾನು ಆಸ್ಪತ್ರೆ ಮಂಚದಲ್ಲಿ ಮಲಗಿಕೊಂಡೇ ಹೇಳ್ದೆ. ಅವಳು ನಂಬಲಿಲ್ಲ, ಆ ಮಾತು ಬೇರೆ. ನಿನಗೋಸ್ಕರ ಬಾಯಲ್ಲಿ ಒಂದು ಸುಳ್ಳು ಹೇಳಾಯ್ತು, ಅಣ್ಣ. ಕಾಲಲ್ಲಿ ಹೇಳಲ್ಲ."